ಒಂದು ಸೆಂಟಿನ ಅಪರಾಧ

ಕೆನಡಾದ ಹತ್ತು ಡಾಲರ್ ನೋಟಿನ ಮೇಲೆ 2018ರಿಂದ ವಯೋಲಾ ಡೆಸ್ಮಂಡ್ ಎಂಬ ಕಪ್ಪು ಮಹಿಳೆಯ ಚಿತ್ರವಿದೆ. ಅಮೆರಿಕದ ನಾಗರಿಕ ಹಕ್ಕುಗಳ ಹೋರಾಟದ ಬಗ್ಗೆ ಓದಿರುವ ನಮ್ಮಲ್ಲಿ ಹೆಚ್ಚಿನವರಿಗೆ ರೋಸಾ ಪಾರ್ಕ್ಸ್ ಗೊತ್ತು, ಡೆಸ್ಮಂಡ್ ಗೊತ್ತಿಲ್ಲ. ಹಾಗಾಗಿ ಆಕೆಯನ್ನು ‘ಕೆನಡಾದ ರೋಸಾ ಪಾರ್ಕ್ಸ್’ ಎಂದು ಪರಿಚಯಿಸುವ ರೂಢಿ ಬೆಳೆದಿದೆ. ಪಾರ್ಕ್ಸ್ ಮಾಂಟ್‌ಗೊಮರಿಯ ಬಸ್ಸಿನಲ್ಲಿ ತಮ್ಮ ಆಸನ ಬಿಟ್ಟುಕೊಡಲು ನಿರಾಕರಿಸಿದ್ದು 1955ರ ಡಿಸೆಂಬರಿನಲ್ಲಿ. ಡೆಸ್ಮಂಡ್ ಅವರನ್ನು ಸಿನಿಮಾ ಮಂದಿರದಿಂದ ಹೊರಗೆಳೆದದ್ದು 1946ರ ನವೆಂಬರ್ 8ರಂದು. ಒಂಬತ್ತು ವರ್ಷ ಮೊದಲೇ ನಡೆದ ಘಟನೆಯನ್ನು ಅರ್ಥ ಮಾಡಿಸಲು ಒಂಬತ್ತು ವರ್ಷ ಆಮೇಲಿನ ಹೆಸರನ್ನು ಸಾಲ ತರಬೇಕಾಗಿದೆ. ಕೆನಡಾದ ಚರಿತ್ರೆಯಲ್ಲಿ ಈ ಸಾಲದ ವಹಿವಾಟು ಬಹಳ ಹಳೆಯದು. ತನ್ನ ವರ್ಣಭೇದವನ್ನು ಆ ದೇಶ ದಕ್ಷಿಣದ ನೆರೆಯವನ ಕನ್ನಡಿಯಲ್ಲಿಯೇ ನೋಡಿಕೊಳ್ಳುತ್ತದೆ. ಎಷ್ಟೋ ಸಲ ಆ ಕನ್ನಡಿಯನ್ನೇ ಮುಖಕ್ಕೆ ಅಡ್ಡ ಹಿಡಿಯುತ್ತದೆ.

ಘಟನೆ ಹೀಗಿದೆ. ಡೆಸ್ಮಂಡ್ ಹ್ಯಾಲಿಫ್ಯಾಕ್ಸ್‌ನಲ್ಲಿ ಸೌಂದರ್ಯ ಮಳಿಗೆ ನಡೆಸುತ್ತಿದ್ದ ಉದ್ಯಮಿ. ವ್ಯಾಪಾರದ ಪ್ರವಾಸದಲ್ಲಿದ್ದಾಗ ನ್ಯೂ ಗ್ಲಾಸ್ಗೋ ಎಂಬ ಸಣ್ಣ ಊರಿನಲ್ಲಿ ಕಾರು ಕೆಟ್ಟಿತು. ರಿಪೇರಿ ಮುಗಿಯುವವರೆಗೆ ಹೊತ್ತು ಕಳೆಯಲು ಅವರು ರೋಸ್‌ಲ್ಯಾಂಡ್ ಚಿತ್ರಮಂದಿರಕ್ಕೆ ಹೋದರು. ದೃಷ್ಟಿ ಮಂದವಾಗಿದ್ದುದರಿಂದ ಕೆಳಗಿನ ಆಸನ ಕೇಳಿದರು. ಕೊಟ್ಟದ್ದು ಬಾಲ್ಕನಿಯ ಟಿಕೆಟ್. ಬದಲಿಸಿಕೊಡಿ, ವ್ಯತ್ಯಾಸದ ಹಣ ಕೊಡುತ್ತೇನೆ ಎಂದರೂ ಟಿಕೆಟ್ ಮಾರುವವಳು ಒಪ್ಪಲಿಲ್ಲ. ಡೆಸ್ಮಂಡ್ ಕೆಳಗೇ ಹೋಗಿ ಕುಳಿತರು. ಮಂದಿರದ ವ್ಯವಸ್ಥಾಪಕ ಪೊಲೀಸನನ್ನು ಕರೆಸಿದ. ಇಬ್ಬರೂ ಸೇರಿ ಆಕೆಯನ್ನು ಎತ್ತಿ ಹೊರಗೆ ಸಾಗಿಸಿದರು. ರಾತ್ರಿ ಕಳೆದದ್ದು ಲಾಕಪ್ಪಿನಲ್ಲಿ. ಮರುದಿನ ಹೊರಿಸಿದ ಅಪರಾಧ ಇದು: ಕೆಳಗಿನ ಆಸನದ ಮನರಂಜನಾ ತೆರಿಗೆ ಬಾಲ್ಕನಿಯದಕ್ಕಿಂತ ಒಂದು ಸೆಂಟ್ ಹೆಚ್ಚು, ಆ ಒಂದು ಸೆಂಟನ್ನು ಈಕೆ ಪ್ರಾಂತ್ಯ ಸರ್ಕಾರಕ್ಕೆ ವಂಚಿಸಿದ್ದಾಳೆ. ದಂಡ 20 ಡಾಲರ್, ಖರ್ಚು 6 ಡಾಲರ್.

ಬಣ್ಣದ ಮಾತು ಆ ವಿಚಾರಣೆಯಲ್ಲಿ ಬರಲೇ ಇಲ್ಲ. ಬರಬೇಕಾದ ಅಗತ್ಯವೂ ಇರಲಿಲ್ಲ, ಏಕೆಂದರೆ ಕಪ್ಪು ಜನ ಕೆಳಗೆ ಕೂರಬಾರದೆಂಬ ಕಾನೂನು ನೋವಾ ಸ್ಕೋಷಿಯಾದಲ್ಲಿ ಇರಲಿಲ್ಲ. ಊರಿನ ಎಲ್ಲರಿಗೂ ಗೊತ್ತಿದ್ದ ಪದ್ಧತಿಯಷ್ಟೇ ಇತ್ತು. ಅದನ್ನು ಜಾರಿಗೆ ತರಲು ತೆರಿಗೆ ಶಾಸನ ಕೈಗೆ ಸಿಕ್ಕಿತು. ಮೇಲ್ಮನವಿ 1947ರಲ್ಲಿ ಕಾರ್ಯವಿಧಾನದ ಕಾರಣಕ್ಕೆ ಬಿದ್ದುಹೋಯಿತು. ಆದರೂ ನ್ಯಾಯಾಧೀಶರಲ್ಲೊಬ್ಬರಾದ ವಿಲಿಯಂ ಹಾಲ್ ತಮ್ಮ ತೀರ್ಪಿನಲ್ಲಿ ಒಂದು ಸಂಶಯವನ್ನು ದಾಖಲಿಸಿದರು: ಒಂದು ಸೆಂಟ್ ನಷ್ಟವಾಯಿತೆಂಬ ಪ್ರಾಮಾಣಿಕ ಕಾಳಜಿಯಿಂದ ಈ ದೂರು ಬಂತೇ, ಅಥವಾ ಅಮೆರಿಕದ ದಕ್ಷಿಣದ ಜಿಮ್ ಕ್ರೋ ನಿಯಮವನ್ನು ಸಾರ್ವಜನಿಕ ಶಾಸನದ ಮರೆಯಲ್ಲಿ ಇಲ್ಲಿ ನಡೆಸುವ ಪ್ರಯತ್ನವೇ? ಸಂಶಯ ತೀರ್ಪಾಗಲಿಲ್ಲ. ಅಮೆರಿಕದಲ್ಲಾದರೆ ಮಾಂಟ್‌ಗೊಮರಿಯ ಬಸ್ಸಿನ ನಿಯಮ ಅಕ್ಷರದಲ್ಲಿ ಬರೆದ ನಿಯಮ. ಅದನ್ನು ಓದಬಹುದಿತ್ತು, ನ್ಯಾಯಾಲಯದ ಮುಂದೆ ಇಡಬಹುದಿತ್ತು. 1956ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಅಸಿಂಧುವೆಂದು ಎತ್ತಿಹಿಡಿಯಿತು. ರದ್ದುಪಡಿಸಲು ಡೆಸ್ಮಂಡ್ ಅವರ ಎದುರಿಗೆ ಯಾವ ಕಾನೂನೂ ಇರಲಿಲ್ಲ. ಅವರು ಕೆಲವು ವರ್ಷಗಳ ನಂತರ ದೇಶ ಬಿಟ್ಟರು. 1965ರಲ್ಲಿ ತೀರಿಕೊಂಡದ್ದು ನ್ಯೂಯಾರ್ಕಿನಲ್ಲಿ.

ಹೆಸರು ಹೇಳದೆ ಹೊರಗಿಡುವ ಈ ಜಾಣ್ಮೆ 1946ರಲ್ಲಿ ಹೊಸದೇನಲ್ಲ. ಅದರ ಒಳ್ಳೆಯ ಮಾದರಿಯೊಂದು ಭಾರತೀಯರನ್ನು ತಡೆಯಲೆಂದೇ ತಯಾರಾಗಿತ್ತು. 1907ರ ಸೆಪ್ಟೆಂಬರ್ 4ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್ ಊರಿನಲ್ಲಿ ಮರ ಕೊಯ್ಯುವ ಕಾರ್ಖಾನೆಗಳ ಪಂಜಾಬಿ ಕೂಲಿಗಳನ್ನು ಬಿಳಿಯರ ಗುಂಪು ಹೊಡೆದೋಡಿಸಿತು. ಓಡಿದವರಲ್ಲಿ ಹಲವರು ಗಡಿ ದಾಟಿ ಉತ್ತರಕ್ಕೆ ಬಂದರು. ಮೂರೇ ದಿನಗಳಲ್ಲಿ, ಸೆಪ್ಟೆಂಬರ್ 7ರಂದು, ವ್ಯಾಂಕೂವರ್‌ನಲ್ಲಿ ಏಷ್ಯನ್ ವಿರೋಧಿ ಮೆರವಣಿಗೆ ಚೀನೀಯರ ಮತ್ತು ಜಪಾನೀಯರ ಕೇರಿಗಳಿಗೆ ನುಗ್ಗಿತು. ದ್ವೇಷಕ್ಕೆ ಆಗ ಪಾಸ್‌ಪೋರ್ಟ್ ಬೇಕಿರಲಿಲ್ಲ ಎನ್ನೋಣ.

ಒಟ್ಟಾವಾದ ಸರ್ಕಾರಕ್ಕೆ ಒಂದು ತೊಡಕಿತ್ತು. ಭಾರತೀಯರೂ ಬ್ರಿಟಿಷ್ ಚಕ್ರವರ್ತಿಯ ಪ್ರಜೆಗಳು. ‘ಭಾರತೀಯರು ಬರಕೂಡದು’ ಎಂದು ಬರೆದರೆ ಸಾಮ್ರಾಜ್ಯಕ್ಕೇ ಮುಜುಗರ. ಆದ್ದರಿಂದ 1908ರ ಜನವರಿಯಲ್ಲಿ ಹೊರಬಿದ್ದ ಆಜ್ಞೆಯಲ್ಲಿ ಯಾವ ಜನಾಂಗದ ಹೆಸರೂ ಇಲ್ಲ. ವಲಸೆ ಬರುವವರು ತಮ್ಮ ದೇಶದಿಂದ ಒಂದೇ ಅಖಂಡ ಪ್ರಯಾಣದಲ್ಲಿ, ಅಲ್ಲಿಯೇ ಕೊಂಡ ಟಿಕೆಟ್ಟಿನ ಮೇಲೆ ಬರಬೇಕು ಎಂಬ ಸಾಧು ವಾಕ್ಯವಷ್ಟೇ ಇದೆ. ಭಾರತದಿಂದ ಕೆನಡಾಕ್ಕೆ ಹಾಗೆ ಟಿಕೆಟ್ ಕೊಡಬಲ್ಲ ಹಡಗು ಕಂಪನಿಗೆ ಕೊಡಬೇಡಿರೆಂದು ಹೇಳಲಾಯಿತು. ಬಾಗಿಲು ತಾನಾಗಿ ಮುಚ್ಚಿತು. 1913ರಲ್ಲಿ ಬ್ರಿಟಿಷ್ ಕೊಲಂಬಿಯಾದ ಮುಖ್ಯ ನ್ಯಾಯಮೂರ್ತಿ ಈ ಆಜ್ಞೆಗಳನ್ನು ಪದಪ್ರಯೋಗದ ದೋಷದಿಂದ ಅಸಿಂಧುವೆಂದರು. ಸರ್ಕಾರ ಪದಗಳನ್ನು ತಿದ್ದಿ ಮತ್ತೆ ಹೊರಡಿಸಿತು. ಅಮೆರಿಕ ಇದೇ ಕೆಲಸವನ್ನು 1917ರಲ್ಲಿ ಮಾಡಿತು, ಆದರೆ ಅಕ್ಷಾಂಶ ರೇಖಾಂಶಗಳಿಂದ ಏಷ್ಯಾದ ನಕಾಶೆಯ ಮೇಲೆ ಗೆರೆ ಎಳೆದು, ಈ ಗೆರೆಯ ಒಳಗಿನವರು ಬೇಡ ಎಂದು ರಾಜಾರೋಷವಾಗಿ ಬರೆದು. ಎರಡರಲ್ಲಿ ಯಾವುದು ಹೆಚ್ಚು ಕ್ರೂರವೆಂದು ನಾವು ತೂಗಲಾರೆವು. ಯಾವುದನ್ನು ಮರೆಯುವುದು ಸುಲಭ ಎಂಬುದು ಮಾತ್ರ ಸ್ಪಷ್ಟ.

1914ರ ಮೇ 23ರಂದು ‘ಕೊಮಾಗಾಟಾ ಮಾರು’ ಹಡಗು 376 ಪ್ರಯಾಣಿಕರೊಡನೆ ವ್ಯಾಂಕೂವರ್ ಬಂದರಿನಲ್ಲಿ ನಿಂತು, ಎರಡು ತಿಂಗಳು ನೀರಿನ ಮೇಲೆಯೇ ಕಾದು, ಜುಲೈ 23ರಂದು ಯುದ್ಧನೌಕೆಯ ಕಾವಲಿನಲ್ಲಿ ಹಿಂತಿರುಗಿದ ಕಥೆ ನಮ್ಮ ಶಾಲಾ ಪಠ್ಯಗಳಲ್ಲೂ ಒಂದು ಸಾಲಾಗಿ ಬರುತ್ತದೆ. ಕೋಲ್ಕತ್ತದ ಬಳಿಯ ಬಜ್‌ಬಜ್‌ನಲ್ಲಿ ಹಡಗಿಳಿದವರ ಮೇಲೆ ಪೊಲೀಸರು, ಸೈನಿಕರು ಗುಂಡು ಹಾರಿಸಿದ್ದೂ ಗೊತ್ತಿರುವುದೇ. ಕಡಮೆ ಗೊತ್ತಿರುವುದು ವಿಲಿಯಂ ಹಾಪ್ಕಿನ್ಸನ್‌ನ ಪಾತ್ರ. ಕಲ್ಕತ್ತಾ ಪೊಲೀಸಿನಲ್ಲಿದ್ದು ಬಂದ, ಹಿಂದೂಸ್ತಾನಿ ಬಲ್ಲ ಈತ ವ್ಯಾಂಕೂವರ್‌ನ ವಲಸೆ ಅಧಿಕಾರಿ. ಜೊತೆಗೆ ಗಡಿಯ ಎರಡೂ ಕಡೆಯ ಭಾರತೀಯರ ಮೇಲೆ ಗೂಢಚರ್ಯೆ ನಡೆಸಿ ಕೆನಡಾ, ಭಾರತ, ಅಮೆರಿಕ ಮೂರೂ ಸರ್ಕಾರಗಳಿಗೆ ವರದಿ ಕಳಿಸುತ್ತಿದ್ದವ. ಆ ವರ್ಷದ ಅಕ್ಟೋಬರಿನಲ್ಲಿ ನ್ಯಾಯಾಲಯದ ಕಟ್ಟಡದೊಳಗೆ ಮೇವಾ ಸಿಂಗ್ ಅವನನ್ನು ಗುಂಡಿಟ್ಟು ಕೊಂದರು. 1915ರ ಜನವರಿಯಲ್ಲಿ ಗಲ್ಲಿಗೇರಿದರು.

ಪೊಲೀಸಿನ ವಿಷಯಕ್ಕೆ ಬಂದರೆ ಎರಡು ದೇಶಗಳ ಬೇರುಗಳೇ ಬೇರೆ. ಅಮೆರಿಕದ ದಕ್ಷಿಣದಲ್ಲಿ ಪೊಲೀಸು ಪದ್ಧತಿಯ ಹಿಂದೆ ಓಡಿಹೋದ ಗುಲಾಮರನ್ನು ಹಿಡಿಯುವ ಗಸ್ತು ಪಡೆಗಳ ನೆರಳಿದೆ. ಕೆನಡಾದಲ್ಲಿ ಪ್ರಧಾನಿ ಜಾನ್ ಮ್ಯಾಕ್‌ಡೊನಾಲ್ಡ್ 1873ರಲ್ಲಿ ಕಟ್ಟಿದ ವಾಯವ್ಯ ಅಶ್ವದಳಕ್ಕೆ ಮಾದರಿಯಾದದ್ದು ಐರ್ಲೆಂಡಿನ ಕಾನ್‌ಸ್ಟಾಬ್ಯುಲರಿ. ಅದೇ ಮಾದರಿಯನ್ನು ಅದಕ್ಕೂ ಮೂವತ್ತು ವರ್ಷ ಮೊದಲು ಚಾರ್ಲ್ಸ್ ನೇಪಿಯರ್ ಸಿಂಧ್‌ಗೆ ತಂದಿದ್ದ. ಹೀಗಾಗಿ ಕೆಂಪು ಕೋಟಿನ ಮೌಂಟಿಯೂ ನಮ್ಮ ವಸಾಹತು ಕಾಲದ ಪೊಲೀಸನೂ ದಾಯಾದಿಗಳೇ. ಮೌಂಟಿಗಳ ಹುಟ್ಟಿನ ಕಥೆಯಲ್ಲೂ ಅಮೆರಿಕ ಖಳನಾಯಕ: ಗಡಿಯಾಚೆಯ ವಿಸ್ಕಿ ವ್ಯಾಪಾರಿಗಳಿಂದ ಮೂಲನಿವಾಸಿಗಳನ್ನು ರಕ್ಷಿಸಲು ಅವರು ಪಶ್ಚಿಮಕ್ಕೆ ನಡೆದರಂತೆ, ದಕ್ಷಿಣದಲ್ಲಿ ಯುದ್ಧ ನಡೆದರೆ ಉತ್ತರದಲ್ಲಿ ಶಾಂತಿಯಿಂದ ನೆಲ ತೆರೆಯಿತಂತೆ. ಇದರಲ್ಲಿ ಸತ್ಯದ ಅಂಶವಿದೆ. ಆದರೆ 1885ರ ಬಂಡಾಯದ ನಂತರ ಬ್ಯಾಟಲ್‌ಫರ್ಡ್‌ನಲ್ಲಿ ಎಂಟು ಮೂಲನಿವಾಸಿಗಳನ್ನು ಒಟ್ಟಿಗೆ ಗಲ್ಲಿಗೇರಿಸಿದ್ದೂ, ಮೀಸಲು ನೆಲದಿಂದ ಹೊರಗೆ ಕಾಲಿಡಲು ಸರ್ಕಾರಿ ಏಜೆಂಟನ ಚೀಟಿ ಬೇಕೆಂಬ ಪದ್ಧತಿ ಶುರುವಾದದ್ದೂ ಅದೇ ಉತ್ತರದಲ್ಲಿ. ಆ ಚೀಟಿಗೆ ಸಂಸತ್ತಿನ ಕಾನೂನಿನ ಆಧಾರವೇ ಇರಲಿಲ್ಲ. ಅಶ್ವದಳದ ಹಿರಿಯ ಅಧಿಕಾರಿಗಳಿಗೂ ಇದು ತಿಳಿದಿತ್ತು, ಕೆಲವರು ಹಿಂಜರಿದದ್ದೂ ಉಂಟು. ಪದ್ಧತಿ ಮಾತ್ರ ದಶಕಗಳ ಕಾಲ ನಡೆಯಿತು. ಮುಂದೆ ಇದೇ ದಳದ ಉತ್ತರಾಧಿಕಾರಿಗಳು, ಪೋಷಕರಿಂದ ಮಕ್ಕಳನ್ನು ಬೇರ್ಪಡಿಸಿ ವಸತಿ ಶಾಲೆಗಳಿಗೆ ಒಯ್ಯುವ ಕೆಲಸಕ್ಕೂ ನೆರವಾದರು. ಆ ಶಾಲೆಗಳನ್ನು ಹಾದುಹೋದ ಮಕ್ಕಳು ಸುಮಾರು 1,50,000.

ಇಷ್ಟು ಹೇಳಿದ ಮೇಲೆ ಅಮೆರಿಕವೇ ವಾಸಿ ಎಂಬ ಅರ್ಥ ಹೊರಟರೆ ಅನ್ಯಾಯವಾಗುತ್ತದೆ. ದಾಸ್ಯ ತಪ್ಪಿಸಿಕೊಂಡು ಉತ್ತರಕ್ಕೆ ಬಂದ ಮೂವತ್ತು ನಲವತ್ತು ಸಾವಿರ ಕಪ್ಪು ಜನರಿಗೆ ಕೆನಡಾ ನಿಜವಾಗಿಯೂ ಆಶ್ರಯ. (ಅದಕ್ಕೆ ಮೊದಲು ಅಲ್ಲಿಯೂ ಎರಡು ಶತಮಾನ ಗುಲಾಮಗಿರಿ ಇತ್ತು ಎಂಬುದನ್ನು ಆಶ್ರಯದ ಕಥೆ ನುಂಗಿಹಾಕಿದೆ.) ಅಮೆರಿಕದಲ್ಲಿ ವರ್ಷಕ್ಕೆ ಸುಮಾರು ಸಾವಿರ ಜನ ಪೊಲೀಸರ ಗುಂಡಿಗೆ ಸಾಯುತ್ತಾರೆ. ಅದರ ಒಂಬತ್ತನೆಯ ಒಂದರಷ್ಟು ಜನಸಂಖ್ಯೆಯ ಕೆನಡಾದಲ್ಲಿ ಈ ಲೆಕ್ಕ ಹತ್ತಾರರಲ್ಲಿದೆ. ಶೆರಿಫರೂ ಸರ್ಕಾರಿ ವಕೀಲರೂ ಚುನಾವಣೆಗೆ ನಿಂತು ‘ಕಠಿಣ’ರೆನಿಸಿಕೊಳ್ಳಲು ಪೈಪೋಟಿ ನಡೆಸುವ ರಾಜಕೀಯವೂ ಅಲ್ಲಿಲ್ಲ. ಹೋಲಿಕೆ ಸುಳ್ಳಾಗಿದ್ದರೆ ಅಷ್ಟು ಕೆಲಸಕ್ಕೆ ಬರುತ್ತಿರಲಿಲ್ಲ. ಬಹುಪಾಲು ನಿಜವಾಗಿರುವುದರಿಂದಲೇ ಅದು ಒಳ್ಳೆಯ ಮರೆಯಾಗುತ್ತದೆ.

2020ರ ಬೇಸಿಗೆ ಇದಕ್ಕೆ ಸಾಕ್ಷಿ. ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ಕೆಲವೇ ದಿನಗಳಲ್ಲಿ ಒಂಟಾರಿಯೋದ ಪ್ರೀಮಿಯರ್ ಡಗ್ ಫರ್ಡ್, ಅಮೆರಿಕದಂಥ ಆಳವಾದ ಬೇರುಗಳು ನಮ್ಮಲ್ಲಿಲ್ಲ ಎಂದು ಸಮಾಧಾನಪಟ್ಟರು. ಮರುದಿನವೇ ಮಾತು ತಿದ್ದಿಕೊಂಡರು. ಕ್ವಿಬೆಕ್‌ನ ಪ್ರೀಮಿಯರ್ ಫ್ರಾನ್ಸ್ವಾ ಲೆಗೋ ತಿದ್ದಿಕೊಳ್ಳಲೂ ಇಲ್ಲ. ಮೌಂಟಿಗಳ ಮುಖ್ಯಸ್ಥೆ ಮೊದಲು ತಡವರಿಸಿ, ಕೆಲವು ದಿನಗಳಲ್ಲಿ ತಮ್ಮ ಪಡೆಯಲ್ಲಿ ವ್ಯವಸ್ಥೆಯೊಳಗಿನ ವರ್ಣಭೇದವಿದೆ ಎಂದು ಒಪ್ಪಿಕೊಂಡರು. ಅದೇ ಜೂನಿನಲ್ಲಿ ಒಂದು ವೀಡಿಯೊ ಹೊರಬಂತು: ಆಲ್ಬರ್ಟಾದ ಮೂಲನಿವಾಸಿ ನಾಯಕ ಅಲನ್ ಆಡಮ್ ಅವರನ್ನು ಮೌಂಟಿಗಳು ನೆಲಕ್ಕೆ ಕೆಡವಿ ಹೊಡೆದ ದೃಶ್ಯ. ಆರಂಭದ ಕಾರಣ, ವಾಹನದ ನಂಬರ್ ಪ್ಲೇಟಿನ ಅವಧಿ ಮುಗಿದಿತ್ತು. ಆರೋಪಗಳನ್ನು ಆಮೇಲೆ ಕೈಬಿಡಲಾಯಿತು. ಕೆನಡಾದ ಜನಸಂಖ್ಯೆಯಲ್ಲಿ ಶೇ. 5ರಷ್ಟಿರುವ ಮೂಲನಿವಾಸಿಗಳು ಒಕ್ಕೂಟದ ಸೆರೆಮನೆಗಳಲ್ಲಿ ಸುಮಾರು ಮೂರನೆಯ ಒಂದರಷ್ಟಿದ್ದಾರೆ; ಸೆರೆಯಲ್ಲಿರುವ ಹೆಂಗಸರಲ್ಲಿ ಅರ್ಧದಷ್ಟು. ಟೊರಾಂಟೊ ಪೊಲೀಸರ ಗುಂಡಿಗೆ ಸಾಯುವ ಸಂಭವ ಬಿಳಿಯನಿಗಿಂತ ಕಪ್ಪು ವ್ಯಕ್ತಿಗೆ ಸುಮಾರು 20 ಪಟ್ಟು ಹೆಚ್ಚೆಂದು 2013ರಿಂದ 2017ರವರೆಗಿನ ಪ್ರಕರಣಗಳನ್ನು ನೋಡಿದ ಪ್ರಾಂತ್ಯದ ಮಾನವ ಹಕ್ಕು ಆಯೋಗ ಹೇಳಿತು. ಅಮೆರಿಕದ ಒಟ್ಟು ಸಂಖ್ಯೆ ದೊಡ್ಡದೆಂಬ ಸಮಾಧಾನ ಈ ಅನುಪಾತಗಳನ್ನು ಮುಟ್ಟುವುದಿಲ್ಲ.

ಟೊರಾಂಟೊ, ಬ್ರಾಂಪ್ಟನ್‌ಗಳಿಗೆ ಮಕ್ಕಳನ್ನು ಕಳಿಸಿದ ಮನೆಗಳಲ್ಲಿ ‘ಅಲ್ಲಿ ಅಮೆರಿಕದ ಹಾಗಲ್ಲ’ ಎಂಬ ಮಾತು ನಮಗೂ ಪರಿಚಿತವೇ.

ಹ್ಯಾಲಿಫ್ಯಾಕ್ಸ್‌ನ ಒಂದು ಪ್ರಕರಣದೊಂದಿಗೆ ನಿಲ್ಲಿಸುತ್ತೇವೆ. 1998ರಲ್ಲಿ ಕಿರ್ಕ್ ಜಾನ್ಸನ್ ಎಂಬ ಕಪ್ಪು ಮುಷ್ಟಿಯುದ್ಧ ಪಟು ಪ್ರಯಾಣಿಸುತ್ತಿದ್ದ, ಟೆಕ್ಸಾಸ್‌ನಲ್ಲಿ ನೋಂದಾಯಿಸಿದ್ದ ಕಾರನ್ನು ಪೊಲೀಸರು ತಡೆದು ಕಾಗದಪತ್ರ ಸರಿಯಿಲ್ಲವೆಂದು ವಶಪಡಿಸಿಕೊಂಡರು. ಕಾಗದಗಳು ಸರಿಯಾಗಿಯೇ ಇದ್ದವು. 2003ರಲ್ಲಿ ಮಾನವ ಹಕ್ಕು ಮಂಡಳಿ ಇದನ್ನು ತಾರತಮ್ಯವೆಂದಿತು. 2019ರ ಮಾರ್ಚಿನಲ್ಲಿ ಸ್ಕಾಟ್ ವೋರ್ಟ್ಲಿಯವರ ಅಧ್ಯಯನ, ಬೀದಿಯಲ್ಲಿ ತಡೆದು ಹೆಸರು ವಿವರ ಬರೆದುಕೊಳ್ಳುವ ಪೊಲೀಸ್ ಪದ್ಧತಿಗೆ ಕಪ್ಪು ಜನ ಆರು ಪಟ್ಟು ಹೆಚ್ಚು ಒಳಗಾಗುತ್ತಾರೆಂದು ತೋರಿಸಿತು. ಆಗ, ಈ ಪದ್ಧತಿಗೆ ಕಾನೂನಿನಲ್ಲಿ ಆಧಾರವೇನು ಎಂಬ ಪ್ರಶ್ನೆಯನ್ನು ಪ್ರಾಂತ್ಯದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೈಕೆಲ್ ಮ್ಯಾಕ್‌ಡೊನಾಲ್ಡ್ ಅವರ ಮುಂದಿಡಲಾಯಿತು. ಅಕ್ಟೋಬರಿನಲ್ಲಿ ಬಂದ ಅವರ ಉತ್ತರ: ಆಧಾರವಿಲ್ಲ, ಅದು ಕಾನೂನುಬಾಹಿರ. ಪದ್ಧತಿಯನ್ನು ಅದೇ ತಿಂಗಳು ನಿಷೇಧಿಸಲಾಯಿತು. ನವೆಂಬರಿನಲ್ಲಿ ನಗರದ ಪೊಲೀಸ್ ಮುಖ್ಯಸ್ಥರು ಸಾರ್ವಜನಿಕವಾಗಿ ಕ್ಷಮೆ ಕೇಳಿದರು.