ಭೋಗ್ಯದ ಮನೆಗೆ ಬ್ಯಾಂಕಿನ ಬೀಗ

ಬೆಂಗಳೂರಿನ ಬಡಾವಣೆಗಳಲ್ಲಿ ಇವತ್ತಿಗೂ ಒಂದು ದೊಡ್ಡ ಸಾಲದ ವ್ಯವಹಾರ ಬ್ಯಾಂಕಿನ ಹೊಸ್ತಿಲು ತುಳಿಯದೆ ನಡೆಯುತ್ತದೆ. ಮನೆ ಬೇಕಾದವನು ಮಾಲೀಕನಿಗೆ ಒಂದೇ ಗಂಟಿನಲ್ಲಿ ಹಲವು ಲಕ್ಷ ರೂಪಾಯಿ ಕೊಡುತ್ತಾನೆ. ಎರಡೋ ಮೂರೋ ವರ್ಷ ಬಾಡಿಗೆ ಕಟ್ಟದೆ ವಾಸಿಸುತ್ತಾನೆ. ಮುದ್ದತು ಮುಗಿದ ದಿನ ಮನೆ ಬಿಟ್ಟುಕೊಟ್ಟು, ಕೊಟ್ಟಷ್ಟೂ ಹಣವನ್ನು ವಾಪಸು ಪಡೆಯುತ್ತಾನೆ. ಜನ ಇದನ್ನು ಭೋಗ್ಯ ಎನ್ನುತ್ತಾರೆ, ಲೀಸ್ ಎಂದೂ ಕರೆಯುತ್ತಾರೆ. ಬಾಡಿಗೆದಾರನಂತೆ ಕಾಣುವವನು ಇಲ್ಲಿ ನಿಜವಾಗಿ ಸಾಲ ಕೊಟ್ಟವನು, ಮಾಲೀಕನೇ ಸಾಲಗಾರ, ಉಳಿಯುವ ಬಾಡಿಗೆಯೇ ಬಡ್ಡಿ. ಇಬ್ಬರು ಸಾಮಾನ್ಯ ಜನರ ನಡುವೆ ಸ್ಥಿರಾಸ್ತಿಯನ್ನು ನೆಚ್ಚಿ ನಡೆಯುವ ಇಂಥ ಸಾಲಕ್ಕೆ ನಮ್ಮಲ್ಲಿ ಸಾವಿರ ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಆಸ್ತಿಗೆ ಬೆಲೆಯಿದ್ದರೆ ಸಾಲ ಭದ್ರ ಎಂಬ ಸಾಮಾನ್ಯ ನಂಬಿಕೆಯನ್ನು ಆ ಚರಿತ್ರೆ ಒಪ್ಪುವುದಿಲ್ಲ. ಆಸ್ತಿಯ ಮೇಲೆ ಯಾರ ಹಕ್ಕು ಮೊದಲು, ಆ ಸರದಿ ಎಲ್ಲರ ಕಣ್ಣಿಗೂ ಬೀಳುತ್ತದೆಯೇ ಎಂಬ ಎರಡು ಪ್ರಶ್ನೆಗಳ ಉತ್ತರದಲ್ಲೇ ಭದ್ರತೆ ಅಡಗಿದೆ ಎಂಬುದು ಅದರ ಪಾಠ. ಒಂದು ಕಾಲಕ್ಕೆ ಆ ಸರದಿಯನ್ನು ಸ್ವಾಧೀನವೇ ಸಾರುತ್ತಿತ್ತು. ಈಗ ಕಾಗದ ಸಾರುತ್ತದೆ. ಕಾನೂನು ಕಾಗದದ ಕಡೆಗೆ ಹೊರಟುಹೋದ ಮೇಲೂ ಜನರ ನಂಬಿಕೆ ಸ್ವಾಧೀನದಲ್ಲೇ ಉಳಿದಿರುವುದು ಇಂದಿನ ಭೋಗ್ಯದಾರನ ಸಂಕಟದ ಮೂಲ.

ಈ ಮಾತಿಗೆ ಹಳೆಯ ಸಾಕ್ಷ್ಯ ನಮ್ಮ ನೆಲದಲ್ಲೇ ಇದೆ. ಚಾಲುಕ್ಯ ಚಕ್ರವರ್ತಿ 6ನೆಯ ವಿಕ್ರಮಾದಿತ್ಯನ ಕಾಲದಲ್ಲಿ (1076–1126) ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಅಡವಿನ ಸಾಲದ ಬಗ್ಗೆ ಸ್ಮೃತಿ ಮತ್ತು ವ್ಯಾಖ್ಯಾನಗಳು ಹೇಳುವ ಮಾತುಗಳಲ್ಲಿ ವ್ಯವಹಾರ ಬಲ್ಲವರ ಅನುಭವವಿದೆ. ಅಡವು ಇಟ್ಟು ತಂದ ಸಾಲಕ್ಕೆ ತಿಂಗಳಿಗೆ ಅಸಲಿನ 80ರಲ್ಲಿ ಒಂದು ಪಾಲು ಬಡ್ಡಿ, ಅಡವಿಲ್ಲದಿದ್ದರೆ ವರ್ಣಾನುಕ್ರಮದಲ್ಲಿ ನೂರಕ್ಕೆ 2ರಿಂದ 5, ಕಾಡು ದಾಟಿ ವ್ಯಾಪಾರಕ್ಕೆ ಹೋಗುವವನಿಗೆ 10, ಕಡಲಿಗಿಳಿಯುವವನಿಗೆ 20. ಜಾತಿ ನೋಡಿ ಬಡ್ಡಿ ಏರಿಸುವ ಅನ್ಯಾಯ ಈ ಪಟ್ಟಿಯೊಳಗಿದೆ, ಅದನ್ನು ಮರೆಮಾಚಬೇಕಿಲ್ಲ. ಹಾಗಿದ್ದೂ ಅಪಾಯ ಹೆಚ್ಚಿದಂತೆ ಬಡ್ಡಿ ಏರಬೇಕು, ಅಡವು ಆ ಅಪಾಯವನ್ನು ತಗ್ಗಿಸುತ್ತದೆ ಎಂಬ ಲೆಕ್ಕ ಇದರಲ್ಲಿ ಸ್ಪಷ್ಟವಾಗಿದೆ. ಇನ್ನೂ ಮುಖ್ಯವಾದುದು ಸರದಿಯ ನಿಯಮ. ಬೇರೆ ವ್ಯಾಜ್ಯಗಳಲ್ಲಿ ಕೊನೆಯಲ್ಲಿ ನಡೆದ ವ್ಯವಹಾರಕ್ಕೆ ಬಲ ಹೆಚ್ಚು. ಅಡವು, ದಾನ, ಕ್ರಯ ಈ ಮೂರರಲ್ಲಿ ಮಾತ್ರ ಮೊದಲು ನಡೆದದ್ದೇ ಗೆಲ್ಲುತ್ತದೆ. ಮೊದಲಿಗ ಯಾರೆಂದು ತಿಳಿಯುವುದು ಹೇಗೆ? ಅಡವು ಸಿದ್ಧಿಸುವುದು ಅದನ್ನು ವಹಿಸಿಕೊಂಡು ಅನುಭವಿಸುವುದರಿಂದ, ಬರೀ ಸಾಕ್ಷಿಗಳಿಂದಲೂ ಬರಹದಿಂದಲೂ ಅಲ್ಲ ಎಂದು ಮಿತಾಕ್ಷರಾ ವಿವರಿಸುತ್ತದೆ.

ಈ ನಿಯಮದ ವಿವೇಕ ತಿಳಿಯಬೇಕಾದರೆ ಹಳ್ಳಿಯ ಭೋಗ್ಯ ನಡೆಯುತ್ತಿದ್ದ ಬಗೆಯನ್ನು ನೋಡಬೇಕು. ಸಾಲ ಕೊಟ್ಟವನು ಹೊಲಕ್ಕಿಳಿದು ಉಳುತ್ತಾನೆ, ಇಲ್ಲವೇ ಉಳುಮೆ ಮಾಡಿಸುತ್ತಾನೆ. ಬಂದ ಬೆಳೆ ಬಡ್ಡಿಗೆ ಸರಿಹೋಗುತ್ತದೆ. ಯಾರ ಹೊಲದಲ್ಲಿ ಯಾರ ನೇಗಿಲು ನಡೆಯುತ್ತಿದೆ ಎಂಬುದು ಊರಿಗೆಲ್ಲ ಗೊತ್ತಿರುವುದರಿಂದ, ಅದೇ ಹೊಲವನ್ನು ಇನ್ನೊಬ್ಬನಿಗೆ ಗುಟ್ಟಾಗಿ ಅಡವಿಡುವುದು ಕಷ್ಟ. ಮಳೆ ಕೈಕೊಟ್ಟರೆ ಆ ವರ್ಷದ ಬಡ್ಡಿಯ ನಷ್ಟ ಸಾಲ ಕೊಟ್ಟವನದು, ಹಾಗಾಗಿ ನೆಲದ ಗುಣ ಅರಿಯದೆ ಅವನು ಹಣ ಬಿಚ್ಚುವುದಿಲ್ಲ. ಅತ್ತ ನೆಲದ ಒಡೆಯನಿಗೂ ಒಂದು ರಕ್ಷೆ: ಇಟ್ಟು ಕಾಯುವ ಅಡವು ಗಡುವು ಮೀರಿದರೆ ಕೈತಪ್ಪಬಹುದು, ಫಲ ಉಣ್ಣುವ ಅಡವಾದರೋ ಎಷ್ಟು ಕಾಲವಾದರೂ ಮುಳುಗುವುದಿಲ್ಲ ಎಂದು ಯಾಜ್ಞವಲ್ಕ್ಯನೇ ವಿಧಿಸಿದ್ದಾನೆ. ಇದೇ ತತ್ವ ಇಂದಿಗೂ ಜೀವಂತ. ಭೋಗ್ಯಕ್ಕೆ ಕೊಟ್ಟ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕು, ಅಡಮಾನ ಬರೆದುಕೊಟ್ಟ ದಿನದಿಂದ ಇಂತಿಷ್ಟು ವರ್ಷ ಕಳೆಯಿತೆಂಬ ಒಂದೇ ಕಾರಣಕ್ಕೆ ಅಳಿಯದು ಎಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪಿತ್ತಿತು. ಸಾಲ ಕೊಟ್ಟವನಿಗೆ ಎದ್ದು ಕಾಣುವ ಹಿಡಿತ, ಪಡೆದವನಿಗೆ ಅಳಿಯದ ಒಡೆತನ: ಹಳೆಯ ಭೋಗ್ಯದ ತಕ್ಕಡಿ ನಿಂತದ್ದು ಇವೆರಡರ ಮೇಲೆ.

19ನೆಯ ಶತಮಾನದಲ್ಲಿ ಆ ತಕ್ಕಡಿ ವಾಲಿತು. ಈಸ್ಟ್ ಇಂಡಿಯಾ ಕಂಪನಿ, ಆಮೇಲೆ ಬ್ರಿಟಿಷ್ ಸರ್ಕಾರ, ರೈತನ ಹೆಸರಿಗೆ ಭೂಮಿ ಬರೆದು ಅದನ್ನು ಮಾರಬಹುದಾದ ಸ್ವತ್ತಾಗಿಸಿತು. ಸಾಲದ ಪತ್ರ ಹಿಡಿದು ಬಂದವನಿಗೆ ಸಿವಿಲ್ ಕೋರ್ಟು ಡಿಕ್ರಿ ಕೊಡತೊಡಗಿತು. 1859ರ ಕಾಲಮಿತಿ ಕಾಯ್ದೆ ಸಾಲಪತ್ರಗಳಿಗೆ ಮೂರು ವರ್ಷದ ಆಯಸ್ಸು ನಿಗದಿ ಮಾಡಿತು. ರೈತನ ಮೇಲೆ ಬಡ್ಡಿ ಬೆಳೆಯದಿರಲಿ ಎಂಬುದು ಉದ್ದೇಶ. ಆದರೆ ಸಾಹುಕಾರರು ಮೂರು ವರ್ಷಕ್ಕೊಮ್ಮೆ ಬಾಕಿ ಬಡ್ಡಿಯನ್ನು ಅಸಲಿಗೆ ಸೇರಿಸಿ ಹೊಸ ಪತ್ರ ಬರೆಸಿಕೊಂಡರು. ಓದಲು ಬಾರದ ರೈತ ಹೆಬ್ಬೆಟ್ಟು ಒತ್ತಿದ. ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ, 1861ರಿಂದ 1865ರವರೆಗೆ, ಹತ್ತಿಯ ಬೆಲೆ ಏರಿದಾಗ ಸಾಲ ಧಾರಾಳವಾಗಿ ಸಿಕ್ಕಿತು. ಬೆಲೆ ಬಿದ್ದಾಗ ಸಾಲ ನಿಂತಿತು, ವಸೂಲಿ ಉಳಿಯಿತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸೂಪಾದಲ್ಲಿ ಶುರುವಾದ ದಂಗೆಯಲ್ಲಿ ರೈತರು ಹುಡುಕಿ ಹುಡುಕಿ ಸುಟ್ಟದ್ದು ಸಾಹುಕಾರರ ಲೆಕ್ಕದ ಪುಸ್ತಕ ಮತ್ತು ಸಾಲಪತ್ರಗಳನ್ನು. ತಮ್ಮ ನೆಲವನ್ನು ನುಂಗುತ್ತಿರುವುದು ತಾವು ಓದಲಾರದ ಕಾಗದ ಎಂದು ಅವರಿಗೆ ಗೊತ್ತಿತ್ತು. 1879ರ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಅದಕ್ಕೆ ಕೊಟ್ಟ ಉತ್ತರಗಳಲ್ಲಿ ಒಂದು ಈ ಚರ್ಚೆಗೆ ಬಹಳ ಮುಖ್ಯ: ರೈತರ ಸಾಲಪತ್ರಗಳನ್ನು ಹಳ್ಳಿಯ ನೋಂದಣಿಗಾರನ ಸಮಕ್ಷಮದಲ್ಲೇ ಬರೆಯಬೇಕೆಂದು ಅದು ವಿಧಿಸಿತು. ಕಾಗದದ ಕಾಲ ಬಂದ ಮೇಲೆ ಕಾಗದವನ್ನು ಬಡವನ ಮನೆಬಾಗಿಲಿಗೆ ತರುವುದೂ ಸರ್ಕಾರದ ಹೊಣೆ ಎಂಬ ತಿಳಿವಳಿಕೆ ಅಲ್ಲಿತ್ತು.

1882ರ ಸ್ವತ್ತು ವರ್ಗಾವಣೆ ಕಾಯ್ದೆ ಈ ಬದಲಾವಣೆಯನ್ನು ಇಡೀ ವ್ಯವಸ್ಥೆಗೆ ಹರಡಿತು. ಭೋಗ್ಯ ಅಡಮಾನಕ್ಕೆ ಅದರಲ್ಲಿ ಸ್ಥಾನ ಸಿಕ್ಕಿತು, ಮೊದಲಿಗನ ಹಕ್ಕೇ ಮೇಲು ಎಂಬ ಹಳೆಯ ನಿಯಮವೂ ಉಳಿಯಿತು. ಸರದಿಯ ಗುರುತು ಮಾತ್ರ ಬದಲಾಯಿತು: ಮೊದಲು ಅನುಭವಿಸಿದವನ ಜಾಗದಲ್ಲಿ ಮೊದಲು ಕಾಗದ ಮಾಡಿಸಿಕೊಂಡವನು ಬಂದು ನಿಂತ. 100 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲದ ಭೋಗ್ಯವನ್ನು ನೋಂದಾಯಿತ ಪತ್ರದ ಮೂಲಕವೇ ಮಾಡಬೇಕೆಂದಾಯಿತು. ಜೊತೆಗೆ ಕಲ್ಕತ್ತ, ಮದ್ರಾಸು, ಮುಂಬಯಿಯಂಥ ಬಂದರು ಪಟ್ಟಣಗಳ ವರ್ತಕರಿಗಾಗಿ ಇನ್ನೊಂದು ದಾರಿಯನ್ನೂ ಕಾಯ್ದೆ ತೆರೆದಿಟ್ಟಿತು: ಮೂಲ ಹಕ್ಕುಪತ್ರಗಳನ್ನು ಸಾಲ ಕೊಡುವವನ ಕೈಗೊಪ್ಪಿಸಿದರೆ ಸಾಕು, ಅಡಮಾನ ಆದಂತೆಯೇ. ಅದಕ್ಕೆ ಬರಹವೂ ಬೇಡ, ನೋಂದಣಿಯೂ ಬೇಡ. ಬಂದರಿನ ವರ್ತಕನಿಗೆ ವೇಗ ಬೇಕಿತ್ತು, ಅದು ಸಿಕ್ಕಿತು. ಕಾಲಕ್ರಮದಲ್ಲಿ ಸರ್ಕಾರಿ ಅಧಿಸೂಚನೆಗಳ ಮೂಲಕ ಈ ದಾರಿ ಊರೂರಿಗೆ ಹಬ್ಬಿ, ಇಂದಿನ ಗೃಹಸಾಲಗಳ ಹೆದ್ದಾರಿಯಾಗಿದೆ. ಹೊಲದಲ್ಲಿ ನೇಗಿಲು ಕಾಣುತ್ತಿತ್ತು. ಬ್ಯಾಂಕಿನ ಕಪಾಟಿನಲ್ಲಿರುವ ಕ್ರಯಪತ್ರ ದಾರಿಹೋಕನಿಗೆ ಕಾಣುವುದಿಲ್ಲ. ಇಂಥ ಅಡಮಾನಗಳನ್ನು ದಾಖಲಿಸುವ ಕೇಂದ್ರ ನೋಂದಣಿ ವ್ಯವಸ್ಥೆ ದೇಶದಲ್ಲಿ ಕೆಲಸ ಶುರು ಮಾಡಿದ್ದು 2011ರಲ್ಲಿ. ಅದಕ್ಕೂ ಮೊದಲೇ, 2002ರ ಸರ್ಫೇಸಿ ಕಾಯ್ದೆ, 60 ದಿನಗಳ ನೋಟಿಸಿನ ನಂತರ ಸಿವಿಲ್ ದಾವೆ ಹೂಡದೆಯೇ ಆಸ್ತಿಯನ್ನು ವಶಪಡಿಸಿಕೊಳ್ಳುವ ಬಲವನ್ನು ಬ್ಯಾಂಕುಗಳಿಗೆ ಕೊಟ್ಟಿತ್ತು.

ನಗರದ ಭೋಗ್ಯದಾರ ಸಿಕ್ಕಿಬಿದ್ದಿರುವುದು ಸ್ವಾಧೀನದ ಕಾಲ, ಕಾಗದದ ಕಾಲ ಎಂಬ ಈ ಎರಡರ ನಡುವೆ. ಅವನ ಕೈಯಲ್ಲಿ ಬೀಗದ ಕೀ ಇದೆ, ಛಾಪಾಕಾಗದದ ಮೇಲೆ ಬರೆದು ನೋಟರಿ ಮುದ್ರೆ ಹಾಕಿಸಿದ ಕರಾರಿದೆ. ಮನೆಯಲ್ಲಿ ನಾನೇ ಇರುವಾಗ ಹಣ ಎಲ್ಲಿ ಹೋದೀತು ಎಂಬುದು ಅವನ ಧೈರ್ಯ. ಮಿತಾಕ್ಷರಾದ ಕಾಲದಲ್ಲಿ ಅದು ಗಟ್ಟಿ ಧೈರ್ಯವೇ ಆಗಿತ್ತು. ಆದರೆ ಮಾಲೀಕ ಅದೇ ಮನೆ ಕಟ್ಟಲು ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಸಾಲ ತಂದಿದ್ದರೆ, ಕಂತು ತಪ್ಪಿದ ದಿನ ಬ್ಯಾಂಕು ಸರದಿಯಲ್ಲಿ ಮುಂದೆ ನಿಲ್ಲುತ್ತದೆ. ನೋಂದಣಿಯಾಗದ ಕರಾರು ಮನೆಯ ಮೇಲಿನ ಹಕ್ಕನ್ನು ಸಾಬೀತು ಮಾಡದು. ಭೋಗ್ಯದಾರನಿಗೆ ಉಳಿಯುವುದು ಮಾಲೀಕನ ಮೇಲಿನ ಬರೀ ಹಣದ ದಾವೆ, ಅದೂ ಆಗಲೇ ಸಾಲದಲ್ಲಿ ಮುಳುಗಿರುವವನ ಮೇಲೆ. ಅಡವಿನ ಸಾಲ ಕೊಟ್ಟೆನೆಂದು ಭಾವಿಸಿದವನು ಅಡವಿಲ್ಲದ ಸಾಲ ಕೊಟ್ಟವನಾಗಿರುತ್ತಾನೆ.

ಲಾಭನಷ್ಟವನ್ನು ಅಂಕಿಯಲ್ಲಿಟ್ಟು ನೋಡೋಣ. ತಿಂಗಳಿಗೆ 15,000 ರೂಪಾಯಿ ಬಾಡಿಗೆ ಬರುವ ಮನೆಗೆ 15 ಲಕ್ಷದ ಭೋಗ್ಯ ಎಂದಿಟ್ಟುಕೊಂಡರೆ, ವರ್ಷಕ್ಕೆ ಉಳಿಯುವ ಬಾಡಿಗೆ 1,80,000, ಅಂದರೆ ನೂರಕ್ಕೆ 12. ಅದೇ ಹಣ ನೂರಕ್ಕೆ 7ರಂತೆ ಠೇವಣಿಯಲ್ಲಿದ್ದರೆ ವರ್ಷಕ್ಕೆ 1,05,000 ಬರುತ್ತದೆ. ಮೂರು ವರ್ಷದಲ್ಲಿ ಹೆಚ್ಚುವರಿ ಲಾಭ 2,25,000. ಇಂಥ ಏಳು ವ್ಯವಹಾರಗಳಲ್ಲಿ ಒಂದು ಪೂರ್ತಿ ಮುಳುಗಿದರೆ ಉಳಿದ ಆರರ ಹೆಚ್ಚುವರಿ ಲಾಭವೆಲ್ಲ ಸೇರಿದರೂ ಆ ನಷ್ಟ ತುಂಬುವುದಿಲ್ಲ. ನೂರಾರು ಸಾಲ ಕೊಟ್ಟವನಿಗಾದರೆ ಇದು ಸರಾಸರಿಯ ಪ್ರಶ್ನೆ. ಒಂದು ಕುಟುಂಬ ಕೊಡುವುದು ಒಂದೇ ಸಾಲ. ಬಹಳ ಸಲ ಅದು ಜೀವಮಾನದ ಉಳಿತಾಯ, ಮಾರಿದ ಒಡವೆ, ಊರಿನ ಜಮೀನಿನ ಹಣ. ಆ ಒಂದು ಮುಳುಗಿದರೆ ಸರಾಸರಿಯಿಂದ ಅವರಿಗೇನೂ ಸಿಗುವುದಿಲ್ಲ.

ಇದಕ್ಕೆ ಕಾನೂನು ಬಲ್ಲವರು ಒಂದು ಆಕ್ಷೇಪ ಎತ್ತಬಹುದು: ಸ್ವಾಧೀನವನ್ನು ಕಾನೂನು ಪೂರ್ತಿ ಕೈಬಿಟ್ಟಿಲ್ಲವಲ್ಲ? ನಿಜ. ಸ್ವತ್ತು ವರ್ಗಾವಣೆ ಕಾಯ್ದೆಯ 1929ರ ತಿದ್ದುಪಡಿ ನೋಂದಣಿಯನ್ನು ತಿಳುವಳಿಕೆ ಎಂದು ಪರಿಗಣಿಸಿದಂತೆಯೇ, ಆಸ್ತಿ ಯಾರ ವಾಸ್ತವ ಸ್ವಾಧೀನದಲ್ಲಿದೆಯೋ ಅವರ ಹಕ್ಕಿನ ತಿಳುವಳಿಕೆಯೂ ಕೊಳ್ಳುವವನಿಗೆ ಇದೆಯೆಂದೇ ಭಾವಿಸಬೇಕೆಂದಿತು. ಆದರೆ ಈ ರಕ್ಷೆ ಸಿಗುವುದು ಹಕ್ಕೊಂದು ಇದ್ದಾಗ ಮಾತ್ರ. ನೋಂದಣಿಯಿಲ್ಲದ ಭೋಗ್ಯದಲ್ಲಿ ತಿಳಿಯಬೇಕಾದ ಅಡಮಾನದ ಹಕ್ಕೇ ಹುಟ್ಟಿರುವುದಿಲ್ಲ. ಅಲ್ಲದೆ ಸ್ವಾಧೀನ ಎಚ್ಚರಿಸುವುದು ತನ್ನ ನಂತರ ಬಂದವರನ್ನು. ಮೊದಲೇ ಬಂದು ಪತ್ರ ಹಿಡಿದಿರುವ ಬ್ಯಾಂಕಿನ ಮುಂದೆ ಅದು ನಡೆಯದು.

ಇನ್ನೊಂದು ಆಕ್ಷೇಪ ನೈತಿಕವಾದುದು, ಹೆಚ್ಚು ತೂಕದ್ದು. ಸಾಲ ಕೊಟ್ಟವರು ನೆಲ ನುಂಗಿದ ಚರಿತ್ರೆ ನಮ್ಮದು; 1976ರಲ್ಲಿ ದೇವರಾಜ ಅರಸರ ಸರ್ಕಾರ ಸಣ್ಣ ರೈತರು, ಭೂರಹಿತ ಕೂಲಿಕಾರರು ಮತ್ತು ದುರ್ಬಲ ವರ್ಗದವರಿಗಾಗಿ ಋಣ ಪರಿಹಾರ ಕಾಯ್ದೆ ತರಬೇಕಾಗಿ ಬಂತು. ಹೀಗಿರುವಾಗ ಸಾಲ ಕೊಟ್ಟವನ ಅಪಾಯಕ್ಕೆ ಮರುಗುವುದೇಕೆ? ಆ ಕಾಯ್ದೆಯ ನ್ಯಾಯವನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ನಗರದ ಭೋಗ್ಯದಲ್ಲಿ ಪಾತ್ರಗಳು ಅದಲುಬದಲಾಗಿವೆ: ಸಾಲ ಕೊಟ್ಟವನೇ ಮನೆಯಿಲ್ಲದವನು, ಪಡೆದವನೇ ಆಸ್ತಿವಂತ. 1875ರಲ್ಲಿ ಕಾಗದ ಸಾಲ ಪಡೆದವನನ್ನು ಕೆಡವಿತು, ಇಂದು ಕೊಟ್ಟವನನ್ನು ಕೆಡವುತ್ತಿದೆ. ಎರಡು ಸಲವೂ ಸೋತವನು ಕಾಗದದ ಲೋಕದ ಹೊರಗೆ ನಿಂತವನೇ. ಆದ್ದರಿಂದ ಸರದಿಯನ್ನು ಎಲ್ಲರಿಗೂ ಕಾಣಿಸುವುದು ಸಾಹುಕಾರಿಕೆಯ ಪಕ್ಷ ವಹಿಸಿದಂತಾಗುವುದಿಲ್ಲ.

ಮಧ್ಯವರ್ತಿ ಸಂಸ್ಥೆಗಳೋ ಆ್ಯಪ್‌ಗಳೋ ಈ ಕೆಲಸ ಮಾಡಲಿ ಎನ್ನುವವರೂ ಇದ್ದಾರೆ. ವ್ಯಕ್ತಿಯಿಂದ ವ್ಯಕ್ತಿಗೆ ಸಾಲ ಕೊಡಿಸುವ ವೇದಿಕೆಗಳಿಗೆ ರಿಸರ್ವ್ ಬ್ಯಾಂಕ್ 2017ರಲ್ಲಿ ನಿಯಮ ರೂಪಿಸಿದಾಗ, ಅಡವಿಲ್ಲದ ಸಾಲಕ್ಕೆ ಮಾತ್ರ ಅವಕಾಶ ಕೊಟ್ಟಿತು. ಒಬ್ಬ ಸಾಲಗಾರನಿಗೆ ಒಬ್ಬ ಕೊಡಬಹುದಾದ ಮೊತ್ತವನ್ನು 50,000 ರೂಪಾಯಿಗೆ ಮಿತಿಗೊಳಿಸಿತು. ಒಂದೇ ಕಡೆ ಎಲ್ಲವನ್ನೂ ಹೂಡಬೇಡಿ ಎಂಬ ಎಚ್ಚರಿಕೆ ಆ ಮಿತಿಯಲ್ಲಿದೆ. ಭೋಗ್ಯದಾರ ಮಾಡುತ್ತಿರುವುದು ಅದರ ತದ್ವಿರುದ್ಧ. ಸ್ಥಿರಾಸ್ತಿಯ ಅಡವಿನ ಮೇಲೆ ಸಾಲ ಕೊಡಿಸಲು ಇಂಥ ವೇದಿಕೆಗಳಿಗೆ ಬಿಟ್ಟ ಬ್ರಿಟನ್ನಿನ ಅನುಭವವೂ ನಮ್ಮ ಮುಂದಿದೆ. ವರ್ಷಕ್ಕೆ ನೂರಕ್ಕೆ 12ರವರೆಗೆ ಪ್ರತಿಫಲ ತೋರಿಸಿದ್ದ ಲೆಂಡಿ ಎಂಬ ಸಂಸ್ಥೆ 2019ರ ಮೇ ತಿಂಗಳಲ್ಲಿ ಕುಸಿಯಿತು. ಅಲ್ಲಿ ಹಣ ಹಾಕಿದವರ ಸಾಲಕ್ಕೆ ಕಟ್ಟಡಗಳ ಅಡವಿತ್ತು. ಅವರು ಆ ಕಟ್ಟಡಗಳನ್ನು ಕಣ್ಣಾರೆ ನೋಡಿದವರಲ್ಲ, ಬೆಲೆ ಕಟ್ಟಿದವರೂ ಅಲ್ಲ. ಹಳ್ಳಿಯ ಭೋಗ್ಯದಾರನಿಗಿದ್ದ ಎರಡರಲ್ಲಿ, ಕಣ್ಣಳತೆಯ ಅರಿವು ಮತ್ತು ಕೈಯಳತೆಯ ಹಿಡಿತದಲ್ಲಿ, ಒಂದೂ ಅವರಿಗಿರಲಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಭೋಗ್ಯಕ್ಕೆ ಹಣ ಕೊಡುವವರು ಮನೆಯ ಗೋಡೆಗಿಂತ ಮೊದಲು ಋಣಭಾರ ಪ್ರಮಾಣಪತ್ರ ನೋಡಬೇಕು, ಮೂಲ ಕ್ರಯಪತ್ರ ತೋರಿಸಿರೆಂದು ಕೇಳಬೇಕು. ಮಾಲೀಕನಲ್ಲಿ ಅದು ಇಲ್ಲವಾದರೆ ಬೇರೆ ಯಾರದೋ ಕೈಯಲ್ಲಿದೆ ಎಂದೇ ತಿಳಿಯಬೇಕು. ಭೋಗ್ಯಪತ್ರವನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು. ಜನರಿಗೆ ಇಷ್ಟು ಹೇಳಿ ಕೈತೊಳೆದುಕೊಳ್ಳುವುದು ಮಾತ್ರ ನ್ಯಾಯವಲ್ಲ. ಕರ್ನಾಟಕದಲ್ಲಿ ಸ್ವಾಧೀನ ಸಹಿತ ಅಡಮಾನದ ಮುದ್ರಾಂಕ ಶುಲ್ಕ ಸ್ವಾಧೀನರಹಿತ ಅಡಮಾನಕ್ಕಿಂತ ಬಹಳ ಹೆಚ್ಚು. ಹೀಗಾಗಿ ಕಣ್ಣಿಗೆ ಕಾಣುವ ಸಾಲವೇ ದುಬಾರಿ, ಕಾಣದ ಸಾಲ ಅಗ್ಗ. ಎರಡು ಮೂರು ವರ್ಷದ ವಾಸಕ್ಕೆ ಅಷ್ಟು ಶುಲ್ಕ ತೆರಲಾರದೆ ಜನ ನೋಟರಿಯ ಬಳಿ ಹೋಗುತ್ತಾರೆ, ರಕ್ಷೆಯಿಂದ ಹೊರಗುಳಿಯುತ್ತಾರೆ. ವಾಸದ ಮನೆಯ ಸಣ್ಣ ಭೋಗ್ಯಗಳಿಗೆ ನಾಮಮಾತ್ರ ಶುಲ್ಕದ ಸರಳ ನೋಂದಣಿ ತರಬೇಕು, ಬ್ಯಾಂಕಿನ ಅಡಮಾನವೂ ಭೋಗ್ಯವೂ ಒಂದೇ ದಾಖಲೆಯಲ್ಲಿ ಯಾರು ಬೇಕಾದರೂ ನೋಡುವಂತಿರಬೇಕು. 1879ರಲ್ಲಿ ಪರಕೀಯ ಸರ್ಕಾರವೊಂದು ನೋಂದಣಿಗಾರನನ್ನು ಹಳ್ಳಿಗೆ ಕಳಿಸಿತ್ತು. ಜನರೇ ಆರಿಸಿದ ಸರ್ಕಾರಕ್ಕೆ ಇದು ಮೀರಿದ ಕೆಲಸವಲ್ಲ.