ವೋಟು ಯಾರಿಗೆ ಅಂತ ಮನೆ ಬಾಗಿಲಲ್ಲಿ ಹೇಳಬೇಕಾ?

ಚುನಾವಣೆ ಘೋಷಣೆಯಾದರೆ ಸಾಕು, ಕರಪತ್ರ ಹಿಡಿದ ಐದಾರು ಜನ ಜಗಲಿಗೆ ಬರುತ್ತಾರೆ. ಅವರಲ್ಲಿ ಒಬ್ಬರಾದರೂ ಪರಿಚಯದವರು ಇರುತ್ತಾರೆ: ಡೇರಿಗೆ ಹಾಲು ಹಾಕುವಾಗ ಸಿಗುವವರು, ಸೊಸೈಟಿಯವರು, ಇಲ್ಲವೇ ದೂರದ ನೆಂಟರು. "ಅಕ್ಕಾ, ಮನೇಲಿ ಎಷ್ಟು ವೋಟಿದೆ?" "ನಾಲ್ಕು." "ನಾಲ್ಕೂ ನಮಗೇ ತಾನೆ?"

ಏನು ಹೇಳುವುದು? ನಿಜ ಹೇಳಿದರೆ ನಿಷ್ಠುರ. ಸುಳ್ಳು ಹೇಳಿದರೆ ಮನಸ್ಸಿಗೆ ಕಿರಿಕಿರಿ. ಸುಮ್ಮನಿದ್ದರೆ "ಇವರು ಆ ಕಡೆಯವರು" ಎಂದು ಬರೆದುಕೊಂಡು ಹೋಗುತ್ತಾರೆ. ಮನೆ ಮಂಜೂರಾತಿ, ನಲ್ಲಿ ಸಂಪರ್ಕ, ಕೂಲಿ ಕೆಲಸ ಎಲ್ಲದಕ್ಕೂ ನಾಳೆ ಇವರ ಮುಖವನ್ನೇ ನೋಡಬೇಕು. ಈ ಇಕ್ಕಟ್ಟು ಹೊಸದಲ್ಲ. ಇದರಿಂದ ಪಾರಾಗಲೆಂದೇ ಜನ ಹೋರಾಡಿ ಗುಪ್ತ ಮತದಾನ ಪಡೆದರು. ಆ ಕಥೆ ತಿಳಿದರೆ ಜಗಲಿಯ ಪ್ರಶ್ನೆಗೂ ಉತ್ತರ ಸಿಗುತ್ತದೆ ಎಂದು ನಮಗೆ ಅನಿಸುತ್ತದೆ.

ಕೂಗಿ ವೋಟು ಹಾಕುತ್ತಿದ್ದ ಕಾಲ

ನಮ್ಮನ್ನು ಆಳಿದ ಬ್ರಿಟನ್ನಿನಲ್ಲಿ 1872ರವರೆಗೆ ವೋಟು ಗುಟ್ಟಾಗಿರಲಿಲ್ಲ. ಮತದಾರ ಎಲ್ಲರೆದುರು ನಿಂತು ತನ್ನ ಆಯ್ಕೆಯನ್ನು ಬಾಯಿಬಿಟ್ಟು ಹೇಳಬೇಕಿತ್ತು. ಗುಮಾಸ್ತ ಅದನ್ನು ಹೆಸರಿನ ಮುಂದೆ ಬರೆದುಕೊಳ್ಳುತ್ತಿದ್ದ. ಎಷ್ಟೋ ಕಡೆ ಆ ಪಟ್ಟಿ ಪುಸ್ತಕವಾಗಿ ಅಚ್ಚಾಗುತ್ತಿತ್ತು. ಯಾವ ಒಕ್ಕಲು ಯಾರಿಗೆ ವೋಟು ಹಾಕಿದ ಎಂಬುದು ಧಣಿಗೆ ಮನೆಯಲ್ಲೇ ಕೂತು ತಿಳಿಯುತ್ತಿತ್ತು.

1868ರ ಚುನಾವಣೆಯಲ್ಲಿ ವೇಲ್ಸ್ ಪ್ರದೇಶದ ಕೆಲವು ಗೇಣಿದಾರರು ಭೂಮಾಲೀಕರ ಮಾತು ಮೀರಿ ವೋಟು ಹಾಕಿದರು. ಅವರಲ್ಲಿ ಹಲವರನ್ನು ಜಮೀನಿನಿಂದ ಎಬ್ಬಿಸಲಾಯಿತು. ಗುಟ್ಟಿನ ಮತದಾನ ಬೇಕೆಂಬ ಕೂಗು ಅದಕ್ಕೂ ಹಳೆಯದು. 1838ರಲ್ಲಿ ದುಡಿಯುವ ಜನ ಮುಂದಿಟ್ಟ ಆರು ಬೇಡಿಕೆಗಳಲ್ಲಿ ಇದೂ ಒಂದು.

ವಿರೋಧವೂ ಇತ್ತು, ಅದೂ ದೊಡ್ಡವರಿಂದ. ವೋಟು ಒಬ್ಬನ ಸ್ವಂತ ಆಸ್ತಿಯಲ್ಲ, ಸಮಾಜ ಅವನಿಗೆ ವಹಿಸಿದ ಹೊಣೆ, ಹಾಗಾಗಿ ಎಲ್ಲರ ಕಣ್ಣೆದುರೇ ಹಾಕಬೇಕು ಎಂದು ತತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ವಾದಿಸಿದರು. ವಾದ ತಳ್ಳಿಹಾಕುವಂಥದ್ದಲ್ಲ. ಆದರೆ ಎಲ್ಲರ ಕಣ್ಣೆದುರು ಹಾಕಿದ ವೋಟಿಗೆ ಬೆಲೆ ತೆರಬೇಕಾದವರು ಗೇಣಿದಾರರೇ ಹೊರತು ಧಣಿಗಳಲ್ಲ.

ಸರ್ಕಾರವೇ ಮತಪತ್ರ ಅಚ್ಚು ಹಾಕಿಸಿ, ಮತಗಟ್ಟೆಯಲ್ಲೇ ಕೊಟ್ಟು, ಮರೆಯಲ್ಲಿ ಗುರುತು ಹಾಕಿಸುವ ಕ್ರಮ 1856ರಲ್ಲಿ ಆಸ್ಟ್ರೇಲಿಯಾದ ವಸಾಹತುಗಳಲ್ಲಿ ಬಂತು. ಬ್ರಿಟನ್ 1872ರಲ್ಲಿ ಅದನ್ನು ಒಪ್ಪಿಕೊಂಡಿತು. ಹೊಸ ಕಾಯ್ದೆಯಡಿ ಮೊದಲ ಗುಪ್ತ ಮತದಾನ ನಡೆದದ್ದು ಪಾಂಟಿಫ್ರಾಕ್ಟ್ ಎಂಬ ಪಟ್ಟಣದ ಉಪಚುನಾವಣೆಯಲ್ಲಿ. ದಿನಾಂಕ ಆಗಸ್ಟ್ 15! ಜೇಷ್ಠಮಧುವಿನ ಮಿಠಾಯಿಗೆ ಹೆಸರಾದ ಊರದು. ಮತಪೆಟ್ಟಿಗೆಯ ಅರಗಿಗೆ ಆ ಮಿಠಾಯಿ ಕಾರ್ಖಾನೆಯ ಮುದ್ರೆಯನ್ನೇ ಒತ್ತಿದ್ದರು.

ನಮ್ಮಲ್ಲಿ ಬಂದ ಬಗೆ

ಓದು ಬರಹ ಬಾರದವರು ಗುಟ್ಟಾಗಿ ವೋಟು ಹಾಕುವುದು ಹೇಗೆ? ಚೀಟಿ ಓದಲು ಇನ್ನೊಬ್ಬರನ್ನು ಕೇಳಿದರೆ ಗುಟ್ಟು ಹೋಯಿತು. 1937ರಲ್ಲಿ ಮದರಾಸು ಪ್ರಾಂತ್ಯದಲ್ಲಿ ಇದಕ್ಕೆ ಬಣ್ಣದ ಪೆಟ್ಟಿಗೆಗಳ ಉಪಾಯ ಮಾಡಿದ್ದರು. ಕಾಂಗ್ರೆಸ್ಸಿನದು ಹಳದಿ ಪೆಟ್ಟಿಗೆ. ಮಂಗಳೂರು, ಬಳ್ಳಾರಿ ಕಡೆಯವರು ಆಗ ಮದರಾಸಿಗೇ ಸೇರಿದ್ದರು.

1951-52ರಲ್ಲಿ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ. ಮತದಾರರು ಸುಮಾರು 17 ಕೋಟಿ. ನೂರರಲ್ಲಿ 80ಕ್ಕೂ ಹೆಚ್ಚು ಜನಕ್ಕೆ ಅಕ್ಷರ ಗೊತ್ತಿರಲಿಲ್ಲ. ಸುಕುಮಾರ್ ಸೇನ್ ಮುಖ್ಯ ಚುನಾವಣಾ ಆಯುಕ್ತರಾಗಿದ್ದರು. ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ, ಅದರ ಮೇಲೆ ಚಿಹ್ನೆ. ಪರದೆಯ ಹಿಂದೆ ಹೋಗಿ ಬೇಕಾದ ಪೆಟ್ಟಿಗೆಗೆ ಮತಪತ್ರ ಹಾಕಿ ಬಂದರೆ ಮುಗಿಯಿತು. ಇದರಲ್ಲೂ ಒಂದು ತೂತಿತ್ತು. ಪರದೆಯ ಹಿಂದೆ ಹೋದವರು ಚೀಟಿಯನ್ನು ಹಾಕದೆ ಹೊರಗೆ ತಂದು ಮಾರಬಹುದಿತ್ತು. ಹಾಗಾಗಿ ಅರವತ್ತರ ದಶಕದ ಆರಂಭದಲ್ಲಿ ಎಲ್ಲ ಚಿಹ್ನೆಗಳಿರುವ ಒಂದೇ ಮತಪತ್ರಕ್ಕೆ ಮುದ್ರೆ ಒತ್ತುವ ಕ್ರಮ ಬಂತು.

ಆ ಮೊದಲ ಚುನಾವಣೆಯ ಇನ್ನೊಂದು ಸಂಗತಿ ಹೇಳಲೇಬೇಕು. ಉತ್ತರದ ರಾಜ್ಯಗಳಲ್ಲಿ ಅನೇಕ ಹೆಂಗಸರು ಪಟ್ಟಿ ಬರೆಯಲು ಬಂದವರಿಗೆ ತಮ್ಮ ಹೆಸರು ಹೇಳದೆ "ಇಂಥವರ ಹೆಂಡತಿ", "ಇಂಥವರ ತಾಯಿ" ಎಂದಷ್ಟೇ ಬರೆಸಿದ್ದರು. ಅಂಥ ಸುಮಾರು 28 ಲಕ್ಷ ಹೆಂಗಸರನ್ನು ಮತದಾರರ ಪಟ್ಟಿಯಿಂದ ಕೈಬಿಡಲಾಯಿತು. ಮತ ಇರುವುದು ಮನೆಗಲ್ಲ, ಒಬ್ಬೊಬ್ಬ ಮನುಷ್ಯರಿಗೆ ಎಂಬುದು ಆಗಲೇ ತೀರ್ಮಾನವಾಗಿತ್ತು. "ಮನೇಲಿ ಎಷ್ಟು ವೋಟಿದೆ, ಎಲ್ಲಾ ನಮಗೇ ತಾನೆ" ಎಂದು ಯಜಮಾನರೊಬ್ಬರನ್ನೇ ಕೇಳಿ ಹೋಗುವವರು ಇದನ್ನು ಇನ್ನೂ ಒಪ್ಪಿಲ್ಲ. ಸೊಸೆಯ ವೋಟನ್ನು ಮಾವ ಹೇಳುವ ಹಾಗಿಲ್ಲ.

1962ರಿಂದ ದೇಶದ ಚುನಾವಣೆಗಳಿಗೆ ಶಾಯಿ ಹೋಗುತ್ತಿರುವುದು ನಮ್ಮ ಮೈಸೂರಿನಿಂದ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಅರಗು ಮತ್ತು ಬಣ್ಣದ ಕಾರ್ಖಾನೆ ಅದು. ಬೆರಳಿನ ಶಾಯಿ ನೀವು ವೋಟು ಹಾಕಿದಿರಿ ಎಂದು ಹೇಳುತ್ತದೆ. ಯಾರಿಗೆ ಎಂದು ಹೇಳುವುದಿಲ್ಲ.

ಕಾನೂನು ಏನನ್ನುತ್ತದೆ

ಯಾರಿಗೆ ವೋಟು ಹಾಕಿದೆ ಎಂದು ಹೇಳುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ ಎನ್ನುತ್ತದೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಸೆಕ್ಷನ್. ಮತಗಟ್ಟೆ ಮತ್ತು ಎಣಿಕೆಯ ಕೆಲಸದಲ್ಲಿರುವ ಸಿಬ್ಬಂದಿ, ಏಜೆಂಟರು ಗುಟ್ಟು ಬಯಲು ಮಾಡಿದರೆ 128ನೇ ಸೆಕ್ಷನ್ ಪ್ರಕಾರ ಮೂರು ತಿಂಗಳವರೆಗೆ ಜೈಲು ಆಗಬಹುದು. ಇಂಥವರಿಗೆ ವೋಟು ಹಾಕದಿದ್ದರೆ ದೇವರ ಕೋಪಕ್ಕೆ ಗುರಿಯಾಗುತ್ತೀರಿ ಎಂದು ಹೆದರಿಸುವುದು 123ನೇ ಸೆಕ್ಷನ್ನಿನ ಪ್ರಕಾರ ಭ್ರಷ್ಟ ಆಚರಣೆ. ದೇವರ ಪಟದ ಮುಂದೆ ಆಣೆ ಮಾಡಿಸಲು ಬರುವವರಿಗೆ ಇದನ್ನು ನೆನಪಿಸಬಹುದು.

ಹಾಗೆಂದು ನೀವಾಗಿಯೇ ಹೇಳಿಕೊಳ್ಳುವುದು ತಪ್ಪಲ್ಲ. ಗುಟ್ಟು ಮತದಾರರ ಹಕ್ಕು, ಬಿಟ್ಟುಕೊಡುವುದೂ ಅವರಿಷ್ಟ, ಬಲವಂತ ಮಾತ್ರ ಕೂಡದು ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ.

ಬೂತ್ ಲೆಕ್ಕದ ಅಪಾಯ

ಹೇಳಿಕೊಂಡರೆ ನಷ್ಟವೇನು? ನಷ್ಟ ಹೆಚ್ಚಾಗಿ ಪಕ್ಕದ ಮನೆಗೆ.

ಮತಯಂತ್ರದಲ್ಲಿ ನಿಮ್ಮ ಹೆಸರಿರುವುದಿಲ್ಲ. ವಿವಿಪ್ಯಾಟ್ ಚೀಟಿ ಏಳು ಸೆಕೆಂಡು ನಿಮಗೊಬ್ಬರಿಗೇ ಕಂಡು ಪೆಟ್ಟಿಗೆಗೆ ಬೀಳುತ್ತದೆ. ಆದರೆ ಫಲಿತಾಂಶ ಬೂತ್‌ವಾರು ಹೊರಗೆ ಬರುತ್ತದೆ. ಸಾವಿರದ ಆಸುಪಾಸು ಮತದಾರರ ಒಂದು ಬೂತ್ ಎಂದರೆ ಎಷ್ಟೋ ಕಡೆ ಒಂದೇ ಊರು.

ಒಂದು ಬೂತಿನಲ್ಲಿ 900 ಜನ ವೋಟು ಹಾಕಿದರು ಅಂದುಕೊಳ್ಳಿ. ಬಾಗಿಲಲ್ಲಿ 850 ಜನ ತಮ್ಮ ಆಯ್ಕೆ ಹೇಳಿದ್ದಾರೆ, 50 ಜನ ಹೇಳಿಲ್ಲ. ಎಣಿಕೆಯ ದಿನ ಲೆಕ್ಕ ತಪ್ಪಿದರೆ ಬೆರಳು ಹೋಗುವುದು ಆ 50 ಜನರ ಕಡೆಗೆ. ಅವರು ಯಾರು? ಇನ್ನೊಬ್ಬರ ಹೊಲದಲ್ಲಿ ಕೂಲಿ ಮಾಡುವವರು, ಮನೆ ಪಟ್ಟಿಯಲ್ಲಿ ಹೆಸರು ಬರಲೆಂದು ಕಾಯುತ್ತಿರುವ ವಿಧವೆ, ಊರಲ್ಲಿ ಒಂದೆರಡೇ ಮನೆಯಿರುವ ಜಾತಿಯವರು. 850 ಜನ ಸುಮ್ಮನಿದ್ದು 50 ಜನ ಮಾತ್ರ ಹೇಳಿದ್ದರೆ ಯಾರನ್ನೂ ಹೀಗೆ ಗುರುತು ಹಿಡಿಯಲು ಆಗುತ್ತಿರಲಿಲ್ಲ.

ಇದಕ್ಕೆ ಪರಿಹಾರವಾಗಿ 14 ಯಂತ್ರಗಳ ಮತವನ್ನು ಒಟ್ಟಿಗೆ ಕೂಡಿಸಿ ಎಣಿಸುವ ಟೋಟಲೈಸರ್ ಉಪಕರಣ ಬೇಕೆಂದು ಚುನಾವಣಾ ಆಯೋಗ 2008ರಲ್ಲಿ ಕೇಳಿತು. ಕಾನೂನು ಆಯೋಗ 2015ರಲ್ಲಿ ಬೆಂಬಲಿಸಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಗ್ರಾಮ ಪಂಚಾಯ್ತಿಯಲ್ಲಂತೂ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅಲ್ಲಿ ಸೋತವರು, ಗೆದ್ದವರು ಇಬ್ಬರೂ ಅದೇ ಬೀದಿಯಲ್ಲಿ ಇರುತ್ತಾರೆ.

ನಮ್ಮ ಅಭಿಪ್ರಾಯ

ನೀವು ಪಕ್ಷದ ಕಾರ್ಯಕರ್ತರಾಗಿದ್ದರೆ ಧಾರಾಳವಾಗಿ ಹೇಳಿಕೊಳ್ಳಿ. ಉಳಿದವರು ಹೇಳದಿರುವುದೇ ಒಳ್ಳೆಯದು. ಯಾರಿಗೂ ಹೆದರಬೇಕಿಲ್ಲದ ಅನುಕೂಲಸ್ಥರು ಮೊದಲು ಈ ರೂಢಿ ಹಾಕಬೇಕು. ಆಗ ಹೇಳದವರ ಗುಂಪಿನಲ್ಲಿ ಬಡವರೂ ಸೇರಿಕೊಳ್ಳುತ್ತಾರೆ, ಅವರನ್ನು ಬೇರೆ ಮಾಡಿ ನೋಡಲು ಯಾರಿಗೂ ಆಗುವುದಿಲ್ಲ.

ಬಂದವರನ್ನು ಕೂರಿಸಿ, ನೀರು ಕೊಡಿ. ಕುಡಿಯುವ ನೀರು, ರಸ್ತೆ, ಶಾಲೆಗೆ ಮೇಷ್ಟ್ರು, ಏನೇನು ಬೇಕೋ ಜೋರಾಗಿಯೇ ಕೇಳಿ, ಹಿಂದಿನ ಸಲ ಕೊಟ್ಟ ಮಾತನ್ನೂ ಕೇಳಿ. ಅವರು ವೋಟಿನ ಮಾತು ತೆಗೆದರೆ ಇಷ್ಟು ಸಾಕು: "ವೋಟು ಖಂಡಿತ ಹಾಕ್ತೀವಿ ಅಣ್ಣಾ. ಯಾರಿಗೆ ಅನ್ನೋದನ್ನ ನಮ್ಮ ಮನೇಲಿ ಯಾರಿಗೂ ಹೇಳೋ ರೂಢಿ ಇಲ್ಲ."