ಸೊಟ್ಟ ಮೊಳೆಗಳು

‘ವಾಲ್ಡನ್’ ಓದಿದವರಿಗೆ ಹೆನ್ರಿ ಡೇವಿಡ್ ಥೋರೋ ಕೊಡುವ ಮನೆ ಕಟ್ಟಿದ ಲೆಕ್ಕ ನೆನಪಿರಬಹುದು. ಒಟ್ಟು ಖರ್ಚು 28 ಡಾಲರ್ ಹನ್ನೆರಡೂವರೆ ಸೆಂಟ್. ಅದರಲ್ಲಿ ಸಾವಿರ ಹಳೆ ಇಟ್ಟಿಗೆಗೆ 4 ಡಾಲರ್ ಆದರೆ, ಮೊಳೆಗೇ 3 ಡಾಲರ್ 90 ಸೆಂಟ್. ಹಲಗೆಗಾಗಿ ಅವನು ರೈಲ್ವೆಯಲ್ಲಿ ದುಡಿಯುತ್ತಿದ್ದ ಐರಿಷ್ ಕೆಲಸಗಾರನೊಬ್ಬನ ಗುಡಿಸಲು ಕೊಂಡು ಬಿಚ್ಚಿದ. ಹಲಗೆ ಸಾಗಿಸುವ ನಡುವೆ ನೆರೆಯವನೊಬ್ಬ ನೆಟ್ಟಗಿದ್ದ ಮೊಳೆಗಳನ್ನು ಆರಿಸಿ ಜೇಬಿಗಿಳಿಸಿದ ಸಂಗತಿಯನ್ನೂ ಥೋರೋ ದಾಖಲಿಸುತ್ತಾನೆ. ಮೊಳೆ ಆಗ ಕದಿಯುವಷ್ಟು ಬೆಲೆಯ ವಸ್ತುವಾಗಿತ್ತು.

1847ರಲ್ಲಿ ಥೋರೋ ಅಲ್ಲಿಂದ ಹೊರಟ. ಮುಂದೆ ಆ ಮನೆಯನ್ನೇ ಬೇರೊಂದು ಹೊಲಕ್ಕೆ ಸಾಗಿಸಿದರು. ಕೊನೆಗೆ ಅದು ಕಳಚಿಹೋಯಿತು. ಕೊಳದ ದಂಡೆಯಲ್ಲಿ ಮನೆ ನಿಂತಿದ್ದ ಜಾಗಕ್ಕೆ ಉಳಿದ ಗುರುತೆಂದರೆ 1872ರಿಂದ ಅಭಿಮಾನಿಗಳು ಪೇರಿಸುತ್ತ ಬಂದ ಕಲ್ಲುಗುಪ್ಪೆ ಮಾತ್ರ. 1945ರಲ್ಲಿ ರೋಲಂಡ್ ವೆಲ್ಸ್ ರಾಬಿನ್ಸ್ ಎಂಬ ಹವ್ಯಾಸಿ, ಉಕ್ಕಿನ ಸರಳಿನಿಂದ ನೆಲ ಚುಚ್ಚಿ ನೋಡುತ್ತ, ಹೊಗೆಗೂಡಿನ ತಳಪಾಯವನ್ನು ಪತ್ತೆಹಚ್ಚಿದ. ಅಲ್ಲಿ ಇಟ್ಟಿಗೆ ಚೂರು, ಗಾರೆ, ಗಾಜಿನ ಜೊತೆ ಸೊಟ್ಟ ಮೊಳೆಗಳೂ ಸಿಕ್ಕವು.

ಇವತ್ತು ಅಮೆರಿಕದಲ್ಲಿ ಹಳೆ ಮನೆ ಜಾಗಗಳಲ್ಲಿ ಲೋಹಶೋಧಕ ಹಿಡಿದು ಓಡಾಡುವ ಹವ್ಯಾಸಿಗಳು ಬಹಳ. ಅವರಿಗೆ ಬೇಕಾದದ್ದು ನಾಣ್ಯ, ಗುಂಡಿ, ಬಕಲು. ಕಬ್ಬಿಣದ ಸದ್ದು ಕೇಳಿಸದಂತೆ ಯಂತ್ರವನ್ನು ಹೊಂದಿಸುವ ಸೌಲಭ್ಯವಿದೆ. ನನಗೆ ಇದೇ ವಿಚಿತ್ರವಾಗಿ ಕಾಣುವುದು: ಕಿವಿಗೆ ಕಿರಿಕಿರಿ ಎಂದು ಬಾಯಿ ಮುಚ್ಚಿಸುವುದು ಮನೆಯನ್ನೇ. ನಾಣ್ಯ ದಾರಿಹೋಕನ ಜೇಬಿನಿಂದಲೂ ಬಿದ್ದಿರಬಹುದು, ಮೊಳೆ ಗೋಡೆಯದು. ಅವು ಬಿದ್ದ ಸಾಲಿನಿಂದ ಗೋಡೆ ಎಲ್ಲಿತ್ತೆಂದು ಊಹಿಸಬಹುದು. ಕಮ್ಮಾರ ಬಡಿದ ಮೊಳೆ, ಹತ್ತೊಂಬತ್ತನೇ ಶತಮಾನದಲ್ಲಿ ಹೆಚ್ಚು ಬಳಕೆಯಾದ ಯಂತ್ರದಲ್ಲಿ ಕತ್ತರಿಸಿದ ಮೊಳೆ, ಆಮೇಲಿನ ತಂತಿ ಮೊಳೆ, ಇವುಗಳ ಆಕಾರವೇ ಬೇರೆ ಬೇರೆ. ಆದ್ದರಿಂದ ಕಾಲದ ಅಂದಾಜೂ ಸಿಗುತ್ತದೆ. ಎಲ್ಲಿ, ಎಷ್ಟು ಆಳದಲ್ಲಿ ಸಿಕ್ಕಿತೆಂದು ಬರೆದುಕೊಳ್ಳದೆ ಕಿತ್ತರೆ ಮಾತ್ರ ಅದು ಬರಿಯ ಗುಜರಿ.

ಶುಚಿ ಮಾಡುವಾಗ ಆಗುವ ಹಾನಿ ಇನ್ನೊಂದು ಬಗೆಯದು. ದೀಪಾವಳಿಗೆ ಹಿತ್ತಾಳೆ ಸಾಮಾನನ್ನು ಹುಣಸೆಹುಳಿ ಹಾಕಿ ತಿಕ್ಕಿ ಬೆಳೆದ ನಮಗೆ ಹೊಳಪೇ ಶುಚಿ. ಹವ್ಯಾಸಿಗಳೂ ವಾಷಿಂಗ್ ಸೋಡಾ ನೀರಿನಲ್ಲಿ ಕಬ್ಬಿಣ ಮುಳುಗಿಸಿ, ಬ್ಯಾಟರಿ ಚಾರ್ಜರಿನಿಂದ ವಿದ್ಯುತ್ ಹರಿಸಿ ತುಕ್ಕು ಬಿಡಿಸುತ್ತಾರೆ. ಲೋಹ ಕಪ್ಪಗೆ, ಅಚ್ಚುಕಟ್ಟಾಗಿ ಹೊರಬರುತ್ತದೆ ನಿಜ. ಆದರೆ ಮೊಳೆ ಹೊಕ್ಕಿದ್ದ ಮರ ಕೊಳೆತ ಮೇಲೂ ಅದರ ನಾರಿನ ಅಚ್ಚು ಕೆಲವೊಮ್ಮೆ ಆ ತುಕ್ಕಿನಲ್ಲೇ ಉಳಿದಿರುತ್ತದೆ. ಎಂಥ ಮರ, ಹಲಗೆ ಎಷ್ಟು ದಪ್ಪ ಎಂಬುದನ್ನು ಅದರಿಂದ ತಿಳಿಯಲು ಸಾಧ್ಯ. ಅದಕ್ಕೇ ಸಂರಕ್ಷಕರು ಮೊದಲು ಎಕ್ಸ್-ರೇ ತೆಗೆದು, ಆಮೇಲೆ ಎಷ್ಟು ಬೇಕೋ ಅಷ್ಟೇ ತುಕ್ಕು ಕೆರೆಯುತ್ತಾರೆ.

ವಾಲ್ಡನ್ನಿನ ಆ ಮೊಳೆಗಳು ಸೊಟ್ಟಗಾದದ್ದು ಹೇಗೆ? ಹಳೆ ಹಲಗೆಯಿಂದ ಕೀಳುವಾಗ ಬಾಗಿರಬಹುದು, ಮನೆ ಎತ್ತುವಾಗ ಆಗಿರಬಹುದು. ಥೋರೋನ ಸುತ್ತಿಗೆ ಏಟು ತಪ್ಪಿದ್ದೂ ಇರಬಹುದು. ಲೆಕ್ಕದ ಪಟ್ಟಿಯಲ್ಲಿ ಹಾಳಾದ ಮೊಳೆಗೆಂದು ಅವನು ಪ್ರತ್ಯೇಕ ಸಾಲು ಬರೆದಿಲ್ಲ.